ಹುಲ್ಲು ಕಾಯುವ ಕಣ್ಣು

ಹೋದ ಭಾನುವಾರ ರಾತ್ರಿ ಒಂದು ನೀಲಿ ಕುರಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಮೈನ್‌ಕ್ರಾಫ್ಟಿನ ನನ್ನ ಹಳೆಯ ಲೋಕದಲ್ಲಿ, ಹೊಳೆಯ ದಂಡೆಯ ಮೇಲೆ, ಗಾಜಿನ ಗೋಡೆಯ ಆಚೆಗೆ ಅದರ ಗೂಡು. ಉಣ್ಣೆ ಕತ್ತರಿಸಿಯಾಗಿತ್ತು, ಮೈ ಬೋಳಾಗಿತ್ತು. ಅತ್ತ ತಿರುಗಿತು, ಇತ್ತ ತಿರುಗಿತು, ನನ್ನನ್ನೇ ನೋಡಿತು. ಕೊನೆಗೊಮ್ಮೆ ತಲೆ ಬಗ್ಗಿಸಿ ಕಾಲಡಿಯ ಹುಲ್ಲು ಮೇಯಿತು. ನೆಲದ ಹಸಿರು ಹೋಗಿ ಮಣ್ಣು ಉಳಿಯಿತು, ಮೈ ತುಂಬ ನೀಲಿ ಉಣ್ಣೆ ಮೂಡಿತು, ಅದರ ಬೆನ್ನಿಗೇ ಗೋಡೆಯೊಳಗಿನ ಡಿಸ್ಪೆನ್ಸರ್ ಕಚಕ್ಕೆಂದಿತು. ಎರಡು ಉಣ್ಣೆ ಕೆಳಗೆ ಬಿದ್ದು, ನೆಲದಡಿಯ ಪೆಟ್ಟಿಗೆಗೆ ಇಳಿದುಹೋದವು. ಇಷ್ಟರಲ್ಲಿ ನಾನು ಒಂದು ಗುಂಡಿಯನ್ನೂ ಒತ್ತಿರಲಿಲ್ಲ. ಡ್ರ್ಯಾಗನ್ನನ್ನು ಕೊಂದ ದಿನವೂ ನನಗೆ ಇಷ್ಟು ತೃಪ್ತಿಯಾಗಿರಲಿಲ್ಲ.

ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಈ ಆಟವನ್ನು ಮೊದಲು ಹೊರಬಿಟ್ಟರು. ಪೂರ್ಣ ರೂಪ ಬಂದದ್ದು 2011ರ ನವೆಂಬರಿನಲ್ಲಿ. ಅಂದಿನಿಂದಲೂ ಆಟಗಾರರು ಪ್ರಾಣಿಗಳನ್ನು ಸಾಕುತ್ತಿದ್ದಾರೆ. ಆದರೆ ಸಾಕುವುದಕ್ಕೂ ಕುಳಿತಲ್ಲೇ ಫಲ ಬರುವಂತೆ ಕಟ್ಟುವುದಕ್ಕೂ ದೂರವಿದೆ. ಬಿದ್ದ ವಸ್ತುವನ್ನು ತಾನೇ ನುಂಗಿ ಪೆಟ್ಟಿಗೆಗೆ ದಾಟಿಸುವ ಹಾಪರ್ ಬಂದದ್ದು 2013ರ ಮಾರ್ಚಿನಲ್ಲಿ. ಎದುರಿನ ಬ್ಲಾಕ್ ಬದಲಾದರೆ ಸುದ್ದಿ ಕೊಡುವ ಅಬ್ಸರ್ವರ್, ಜಾವಾ ಆವೃತ್ತಿಗೆ 2016ರಲ್ಲಿ. ಒಳಗಿಟ್ಟ ವಸ್ತುವನ್ನು ತಾನೇ ಬಳಸುವ ಡಿಸ್ಪೆನ್ಸರ್ ಕತ್ತರಿ ಹಿಡಿಯಲು ಕಲಿತದ್ದು 2019ರ ಏಪ್ರಿಲಿನಲ್ಲಿ. ಈ ಮೂರೂ ಕೂಡಿದ ಮೇಲೆ ಕುರಿಗೂಡಿಗೆ ಈಗಿನ ರೂಪ ಬಂತು. ಆಟದಲ್ಲಿರುವ ಪ್ರಾಣಿಕಟ್ಟಡಗಳಲ್ಲೆಲ್ಲ ಸೊಗಸಾದದ್ದು ಅದೇ ಎಂದು ನಾನು ನಂಬಿದ್ದೇನೆ. ಕಾರಣ ಹೇಳುತ್ತೇನೆ.

ಕುರಿ ಒಂದು ಹುಲ್ಲಿನ ಬ್ಲಾಕಿನ ಮೇಲೆ ನಿಂತಿರುತ್ತದೆ. ಆ ಬ್ಲಾಕಿನ ಪಕ್ಕದಲ್ಲಿ, ಅದಕ್ಕೆ ಮುಖ ಮಾಡಿ ಅಬ್ಸರ್ವರ್. ಅಬ್ಸರ್ವರ್‌ನ ಬೆನ್ನಿಗೆ ಒಂದು ಗಟ್ಟಿ ಬ್ಲಾಕ್, ಅದರ ತಲೆಯ ಮೇಲೆ, ಮಿಡಿತ ದಾಟಿಸಲು, ಒಂದು ಚಿಟಿಕೆ ರೆಡ್‌ಸ್ಟೋನ್ ಪುಡಿ. ಅಬ್ಸರ್ವರ್‌ನ ತಲೆಯ ಮೇಲೆ, ಕುರಿಯ ಕಡೆ ತಿರುಗಿದ ಡಿಸ್ಪೆನ್ಸರ್; ಒಳಗೆ ಕತ್ತರಿ. ಹುಲ್ಲು ಮಣ್ಣಾದ ಕೂಡಲೇ ಅಬ್ಸರ್ವರ್ ಮಿಡಿಯುತ್ತದೆ, ಕತ್ತರಿ ಆಡುತ್ತದೆ. ಮಣ್ಣು ಮತ್ತೆ ಹುಲ್ಲಾದಾಗಲೂ ಒಮ್ಮೆ ಮಿಡಿಯುತ್ತದೆ. ಆಗ ಕುರಿಯ ಮೈ ಬೋಳಾಗಿರುವುದರಿಂದ ಕತ್ತರಿ ಸವೆಯುವುದಿಲ್ಲ. ಬಿದ್ದ ಉಣ್ಣೆಯನ್ನು ಎತ್ತಲು ಕೆಳಗೆ ಹಾಪರ್ ಇಟ್ಟರೆ ಸಾಲದು, ಇಡೀ ಬ್ಲಾಕಿನ ಆಚೆಯಿಂದ ಎಳೆಯುವ ಶಕ್ತಿ ಅದಕ್ಕಿಲ್ಲ. ಹಳಿಯ ಮೇಲಿನ ಹಾಪರ್ ಗಾಡಿಗೆ ಆ ಶಕ್ತಿಯಿದೆ. ಗಾಡಿಯಿಂದ ಹಾಪರ್‌ಗೆ, ಹಾಪರ್‌ನಿಂದ ಪೆಟ್ಟಿಗೆಗೆ.

ಇಡೀ ಯಂತ್ರದಲ್ಲಿ ಕುರಿಯನ್ನು ನೋಡುವ ಭಾಗ ಒಂದೂ ಇಲ್ಲ. ಅಬ್ಸರ್ವರ್ ಕಾಯುವುದು ಹುಲ್ಲನ್ನು. ಕುರಿಗೆ ಮೇಯಬೇಕೆನಿಸಿದಾಗ ಮೇಯುತ್ತದೆ, ಯಂತ್ರ ಆ ಹೊತ್ತಿಗಾಗಿ ತಾಳ್ಮೆಯಿಂದ ಇರುತ್ತದೆ. ಗಡಿಯಾರದಂತೆ ಬಡಿದುಕೊಳ್ಳುತ್ತ ಕತ್ತರಿ ಆಡಿಸುವ ಗೂಡುಗಳನ್ನೂ ಕಂಡಿದ್ದೇನೆ. ಅವೂ ಉಣ್ಣೆ ಕೊಡುತ್ತವೆ, ಆದರೆ ಬೋಳು ಕುರಿಯ ಮುಂದೆ ಹಗಲಿರುಳೂ ಕಟಕಟ ಎನ್ನುತ್ತಿರುತ್ತವೆ. ಆ ಸದ್ದಿನ ಪಕ್ಕದಲ್ಲಿ ನಾನು ಮನೆ ಕಟ್ಟಲಾರೆ.

ಲೆಕ್ಕವೂ ಇದರ ಪರವಾಗಿದೆ. ಒಂದು ಕತ್ತರಿ 238 ಸಲ ಆಡುತ್ತದೆ. ಡಿಸ್ಪೆನ್ಸರಿನಲ್ಲಿ 9 ಖಾನೆ, 9 ಕತ್ತರಿ: 2,142 ಕೊಯ್ಲು. ಸಲಕ್ಕೆ 1ರಿಂದ 3 ಉಣ್ಣೆ, ಸರಾಸರಿ ಎರಡೆಂದರೂ ನಾಲ್ಕು ಸಾವಿರ ದಾಟಿತು. ಕತ್ತರಿಗೆ ಬೇಕಾದದ್ದು 2 ಕಬ್ಬಿಣದ ಗಟ್ಟಿ ಅಷ್ಟೆ. ಬಣ್ಣವಂತೂ ಒಮ್ಮೆ ಹಚ್ಚಿದರೆ ಆಯಿತು, ಆ ಕುರಿಯ ಉಣ್ಣೆ ಮುಂದೆಂದೂ ಅದೇ ಬಣ್ಣದಲ್ಲಿ ಬೆಳೆಯುತ್ತದೆ. 16 ಬಣ್ಣಕ್ಕೆ 16 ಗೂಡು ಕಟ್ಟಿಕೊಂಡವರಿಗೆ ಬಣ್ಣದ ಹೂವು ಹುಡುಕುವ ಅಲೆದಾಟ ಮುಗಿದಂತೆ.

ನನ್ನ ಮೊದಲ ಗೂಡುಸಾಲು ಸೋತದ್ದು ಹುಲ್ಲಿನಿಂದ. ಎಂಟು ಕುರಿ, ಎಂಟು ಹುಲ್ಲಿನ ಬ್ಲಾಕ್, ನಡುನಡುವೆ ಕಲ್ಲು. ಮೊದಲ ಸಂಜೆ ಎಲ್ಲ ಸರಿಯಿತ್ತು. ಮರುದಿನ ನೋಡಿದರೆ ಎಂಟೂ ಕುರಿಗಳು ಬೋಳು ಮೈಯಲ್ಲಿ, ಬರೀ ಮಣ್ಣಿನ ಮೇಲೆ ನಿಂತಿದ್ದವು. ಹುಲ್ಲು ತಾನಾಗಿ ಹುಟ್ಟುವುದಿಲ್ಲ, ಪಕ್ಕದ ಹುಲ್ಲಿನಿಂದ ಹಬ್ಬುತ್ತದೆ. ಅದೂ ಒಂದೇ ಬ್ಲಾಕಿನ ದೂರಕ್ಕೆ, ಬೆಳಕಿದ್ದರೆ ಮಾತ್ರ. ಎರಡು ಗೂಡುಗಳ ನಡುವೆ ನಾನಿಟ್ಟ ಕಲ್ಲು ಆ ದಾರಿಯನ್ನೇ ಕಡಿದಿತ್ತು. ಈಗ ಪ್ರತಿ ಗೂಡಿನ ಬದಿಗೂ ಕುರಿಯ ಬಾಯಿಗೆ ಎಟುಕದ ಒಂದು ಬ್ಲಾಕ್ ಹುಲ್ಲು ಬಿಡುತ್ತೇನೆ. ಮೇಲೆ ಗಾಜು, ಬೆಳಕು ಇಳಿಯುತ್ತದೆ. ಬಿತ್ತನೆಗೆಂದು ಎತ್ತಿಟ್ಟ ಕಾಳಿನಂತೆ ಅದು. ಅದನ್ನು ಮುಟ್ಟದಿದ್ದರೆ ಉಳಿದದ್ದೆಲ್ಲ ನಡೆಯುತ್ತದೆ.

ಇಷ್ಟೊಂದು ಉಣ್ಣೆ ಯಾತಕ್ಕೆ ಎಂದು ಕೇಳುವವರಿದ್ದಾರೆ. ಹಾಸಿಗೆ, ಜಮಖಾನೆ, ಬಾವುಟ ಇದ್ದೇ ಇವೆ. ಕುರುಬ ವೃತ್ತಿಯ ಹಳ್ಳಿಗ ಉಣ್ಣೆ ಕೊಂಡು ಎಮರಾಲ್ಡ್ ಕೊಡುತ್ತಾನೆ. ಆದರೆ ಉಣ್ಣೆಯ ನಿಜವಾದ ಬೆಲೆ ತಿಳಿದದ್ದು 2022ರಲ್ಲಿ, ವಾರ್ಡನ್ ಬಂದ ಮೇಲೆ. ಪಾತಾಳದ ಹಾಳು ನಗರಗಳಲ್ಲಿರುವ ಆ ಕುರುಡು ದೈತ್ಯ ಹೆಜ್ಜೆಯ ಕಂಪನ ಹಿಡಿದು ಬರುತ್ತದೆ. ಉಣ್ಣೆಯ ಮೇಲೆ ನಡೆದರೆ ಕಂಪನವೇ ಹುಟ್ಟುವುದಿಲ್ಲ. ಮೇಲೆ ಬಿಸಿಲಲ್ಲಿ ಮೇಯುವ ಕುರಿ ಅಷ್ಟು ಆಳದಲ್ಲಿ ನನ್ನ ಜೀವ ಕಾಯುತ್ತದೆ.

ಕೋಳಿಯದು ಇದಕ್ಕಿಂತ ಸುಲಭ. ಬೆಳೆದ ಕೋಳಿ 5ರಿಂದ 10 ನಿಮಿಷಕ್ಕೊಂದು ಮೊಟ್ಟೆ ಇಡುತ್ತದೆ. ಇಲ್ಲಿ ಹುಂಜವೆಂಬುದಿಲ್ಲ, ಎಲ್ಲ ಕೋಳಿಯೂ ಇಡುತ್ತದೆ. ಕಾಳು ಹಾಕದಿದ್ದರೂ ಇಡುತ್ತದೆ. ಕಾಲಡಿಗೆ ಹಾಪರ್, ಅದಕ್ಕೊಂದು ಪೆಟ್ಟಿಗೆ, ಸುತ್ತ ಗಾಜು. ಗಂಟೆಗೆ ಸರಾಸರಿ ಎಂಟು ಮೊಟ್ಟೆಯಂತೆ 24 ಕೋಳಿಗೆ 192. ಜಾವಾ ಆವೃತ್ತಿಯಲ್ಲಿ ಒಂದೇ ಬ್ಲಾಕಿನ ಗುಂಡಿಯಲ್ಲಿ 24 ಕೋಳಿ ತುಂಬಬಹುದು, ಅದಕ್ಕಿಂತ ಹೆಚ್ಚಾದರೆ ಉಸಿರುಕಟ್ಟಿ ಸಾಯತೊಡಗುತ್ತವೆ. ಹಾಗೆ ತುಂಬುವುದನ್ನು ನಾನು ಬಿಟ್ಟಿದ್ದೇನೆ. ಒಂದು ಹಾಪರ್‌ಗೆ ನಾಲ್ಕೇ ಕೋಳಿ. ಹಾಪರ್ ಹೆಚ್ಚು ಬೇಕು, ಕಬ್ಬಿಣ ಹೆಚ್ಚು ಬೇಕು, ಆದರೆ ಗೂಡು ನೋಡುವಂತಿರುತ್ತದೆ. 2025ರ ಮಾರ್ಚಿನಿಂದ ಬಿಸಿ ಸೀಮೆಯ ಕೋಳಿ ಕಂದು ಮೊಟ್ಟೆಯನ್ನೂ ಚಳಿ ಸೀಮೆಯದು ನೀಲಿ ಮೊಟ್ಟೆಯನ್ನೂ ಇಡುತ್ತಿವೆ. ಮೂರು ಬಗೆಯನ್ನೂ ಒಂದೇ ಗೂಡಲ್ಲಿ ಬಿಟ್ಟು ಪೆಟ್ಟಿಗೆ ತೆರೆದು ನೋಡುವುದು ಒಂದು ಸಂಭ್ರಮ.

ಕೋಳಿಗೂಡು ಎಂದರೆ ಅನೇಕರಿಗೆ ನೆನಪಾಗುವುದು ಇನ್ನೊಂದು ಕಟ್ಟಡ. ಮೊಟ್ಟೆಗಳು ಡಿಸ್ಪೆನ್ಸರಿಗೆ ಹೋಗುತ್ತವೆ, ಅದು ಅವನ್ನು ಎಸೆಯುತ್ತದೆ, ಎಂಟರಲ್ಲೊಂದು ಮೊಟ್ಟೆಯಿಂದ ಮರಿ ಬರುತ್ತದೆ. ಮರಿಯ ತಲೆಯಿಂದ ಸ್ವಲ್ಪ ಮೇಲೆ ಲಾವಾ. ಮರಿಯಾಗಿರುವವರೆಗೆ ತಾಗದು, 20 ನಿಮಿಷ ಕಳೆದು ದೊಡ್ಡದಾದ ಕ್ಷಣ ತಾಗುತ್ತದೆ, ಸುಟ್ಟ ಮಾಂಸ ಹಾಪರ್‌ಗೆ ಬೀಳುತ್ತದೆ. ಇದನ್ನು ಮೊದಲು ಯೋಚಿಸಿದವರ ಜಾಣ್ಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಕಟ್ಟುವುದಿಲ್ಲ. ಬೆಳೆಯುವುದೇ ಅಪರಾಧವಾದ ಗೂಡು ಅದು. ಹೊಟ್ಟೆಯ ಪ್ರಶ್ನೆಗೆ ಬೇರೆ ಉತ್ತರವೂ ಇದೆ: ಮೊಟ್ಟೆ, ಕುಂಬಳ, ಸಕ್ಕರೆ ಸೇರಿಸಿದರೆ ಕುಂಬಳದ ಪೈ. ಸುಟ್ಟ ಕೋಳಿ 6 ಅಂಶ ಹಸಿವು ನೀಗಿಸಿದರೆ ಪೈ 8 ನೀಗಿಸುತ್ತದೆ. ತುಂಬಿದ ಹೊಟ್ಟೆ ಹೆಚ್ಚು ಹೊತ್ತು ನಿಲ್ಲುವುದು ಮಾತ್ರ ಕೋಳಿಯಿಂದಲೇ, ಅದನ್ನು ಮುಚ್ಚಿಡುವುದಿಲ್ಲ. ಕುಂಬಳ, ಕಬ್ಬು ಎರಡನ್ನೂ ಯಂತ್ರದಿಂದ ಕೊಯ್ಯಬಹುದು. 2024ರಲ್ಲಿ ಬಂದ ಕ್ರಾಫ್ಟರ್ ಅವನ್ನು ಕೂಡಿಸುವ ಕೆಲಸವನ್ನೂ ವಹಿಸಿಕೊಂಡಿದೆ. ಒಂದು ಜೀವವನ್ನೂ ತೆಗೆಯದೆ ಪೆಟ್ಟಿಗೆ ತುಂಬ ಊಟ.

ಹೊಸಬರು ಎಡವುವ ಜಾಗ ಬೇರೆ ಇದೆ. ಒಮ್ಮೆ ಕೋಳಿಗೂಡು ಕಟ್ಟಿ ಸಮುದ್ರಯಾನಕ್ಕೆ ಹೊರಟೆ. ಅನೇಕ ಸಂಜೆಗಳ ಆಟ. ಮರಳಿ ಬಂದು, ಪೆಟ್ಟಿಗೆ ತುಂಬಿ ತುಳುಕುತ್ತಿರುತ್ತದೆಂದು ತೆರೆದರೆ ಹೊರಡುವಾಗ ಇದ್ದಷ್ಟೇ ಮೊಟ್ಟೆ. ಆಟದ ನೆಲವೆಲ್ಲ 16ಕ್ಕೆ 16ರ ಚಂಕ್‌ಗಳಾಗಿ ಹಂಚಿಹೋಗಿದೆ. ಆಟಗಾರ ಇರುವ ಸುತ್ತಲ ಚಂಕ್‌ಗಳು ಮಾತ್ರ ಬದುಕಿರುತ್ತವೆ, ಉಳಿದ ಲೋಕ ಇದ್ದ ಹಾಗೇ ನಿಂತಿರುತ್ತದೆ. ನಾನು ದೂರವಾದ ಗಳಿಗೆಯಿಂದ ಕೋಳಿಗೆ ಕಾಲವೇ ಸರಿದಿರಲಿಲ್ಲ. ಈಗ ನನ್ನ ಗೂಡುಗಳೆಲ್ಲ ಕುಲುಮೆಯ ಮನೆಯ ಪಕ್ಕ, ಗಣಿಯ ಬಾಯಿಯ ಹತ್ತಿರ. ಅದಿರು ಕರಗುವಾಗ, ಸುರಂಗ ತೋಡುವಾಗ, ಮಾಡು ಹೊದಿಸುವಾಗ ನಾನು ಹೇಗೂ ಅಲ್ಲಿರುತ್ತೇನೆ. ಕುಳಿತಲ್ಲೇ ಬರುವ ಆದಾಯ ಎನ್ನುತ್ತೇವಲ್ಲ, ಕುಳಿತಿರುವುದಂತೂ ಬೇಕು, ಅದೂ ಅವುಗಳ ನೆರೆಯಲ್ಲಿ.

ಜೇನಿನ ಬಗ್ಗೆ ಒಂದು ವಾರದ ಅಂಕಣವೇ ಬೇಕು. ಸದ್ಯಕ್ಕೆ ಇಷ್ಟು: ಒಂದು ಗೂಡಿಗೆ ಮೂರು ನೊಣ, ಹೂವಿಗೆ ಹೋಗಿ ಬಂದಂತೆಲ್ಲ ಜೇನು ಒಂದೊಂದು ಹಂತ ಏರಿ ಐದಕ್ಕೆ ತುಂಬುತ್ತದೆ. ಮಳೆಯಲ್ಲಿ, ಇರುಳಲ್ಲಿ ಅವು ಹೊರಡುವುದಿಲ್ಲ. ಕೆಳಗೆ ಹೊಗೆ ಹಾಕದೆ ಕೈಯಿಂದ ಜೇನು ಕಿತ್ತರೆ ಸಿಟ್ಟಾಗಿ ಕಚ್ಚುತ್ತವೆ, ಕಚ್ಚಿದ ನೊಣ ಕೊಂಡಿ ಕಳೆದುಕೊಂಡು ಸಾಯುತ್ತದೆ. ಮೊದಲ ಸಲ ನನ್ನ ಅವಸರಕ್ಕೆ ಮೂರೂ ಸತ್ತವು; ಇಂದಿಗೂ ಆ ಖಾಲಿ ಗೂಡನ್ನು ತೆಗೆದಿಲ್ಲ. ಡಿಸ್ಪೆನ್ಸರಿನಿಂದ ತೆಗೆದರೆ ಅವು ಕೆರಳುವುದಿಲ್ಲ. ಗೂಡಿನ ಬೆನ್ನಿಗೆ ಕಂಪ್ಯಾರೇಟರ್ ಇಟ್ಟರೆ ಜೇನು ಐದಕ್ಕೆ ಬಂದದ್ದನ್ನು ಅದು ತಿಳಿಸುತ್ತದೆ, ಆಗ ಮಾತ್ರ ಬಾಟಲಿ ತುಂಬುತ್ತದೆ. ಇಲ್ಲಿಯೂ ಯಂತ್ರದ ಕೆಲಸ ಕಾಯುವುದೇ. ಸುತ್ತ ಬೆಳೆಯಿಟ್ಟರೆ ಮರಳುವ ನೊಣಗಳಿಂದ ಉದುರುವ ಪರಾಗಕ್ಕೆ ಗೋಧಿ ಬೇಗ ಬೆಳೆಯುತ್ತದೆ.

ಆಕಳೊಂದೇ ಇವಕ್ಕೆಲ್ಲ ಹೊರತು. ಹಾಲಿಗೆ ಮಿತಿಯಿಲ್ಲ, ಕರೆದ ಮರುಕ್ಷಣ ಮತ್ತೆ ಕರೆಯಬಹುದು. ಆದರೆ ಡಿಸ್ಪೆನ್ಸರಿಗೆ ಬಕೆಟ್ ಕೊಟ್ಟರೂ ಅದು ಹಾಲು ಕರೆಯದು. ಇದನ್ನೂ ಯಂತ್ರಕ್ಕೆ ಒಪ್ಪಿಸಬೇಕೆಂದು ಬಯಸುವ ಗೆಳೆಯರು ನನಗಿದ್ದಾರೆ. ಹೀಗೇ ಇರಲಿ ಎಂಬುದು ನನ್ನ ಆಸೆ.

ಈ ವಾರ ಹೊಳೆದಂಡೆಯ ಮನೆಯ ಮಾಡು ಮುಗಿಯಿತು. ಗೃಹಪ್ರವೇಶಕ್ಕೊಂದು ಕೇಕ್ ಆಗಬೇಕಿತ್ತು. ಮೊಟ್ಟೆ ಒಂದು, ಪೆಟ್ಟಿಗೆಯಲ್ಲಿತ್ತು. ಸಕ್ಕರೆ ಎರಡು, ಕಬ್ಬಿನ ಯಂತ್ರ ಕೊಟ್ಟಿತ್ತು. ಗೋಧಿ ಮೂರು, ಜೇನ್ನೊಣಗಳ ಹೊಲದ್ದು. ಹಾಲು ಮೂರು ಬಕೆಟ್ ಬೇಕು. ಕತ್ತಲಾಗುವುದರೊಳಗೆ ಖಾಲಿ ಬಕೆಟ್‌ಗಳನ್ನು ಹಿಡಿದು, ನೀಲಿ ಕುರಿಯ ಗೂಡು ದಾಟಿ, ಗುಡ್ಡದ ಮೇಲಿನ ಬೇಲಿಯ ಕಡೆಗೆ ನಡೆದೆ.