ಒಬ್ಬ ಹುಡುಗನ ಅರ್ಜಿ, ಎರಡು ಆತ್ಮಕಥೆಗಳು

ಕನ್ನಡದ ದಲಿತ ಆತ್ಮಕಥೆಗಳ ಬಗ್ಗೆ ವಿದ್ಯಾರ್ಥಿಗಳು ಬರೆಯುವ ಉತ್ತರಗಳಲ್ಲಿ, ಎಷ್ಟೋ ಸಲ ವಿಮರ್ಶೆಯ ಲೇಖನಗಳಲ್ಲೂ, ಒಂದು ಮಾತು ತಪ್ಪದೆ ಬರುತ್ತದೆ: ಕಡುಬಡತನದಲ್ಲಿ ಹುಟ್ಟಿ, ಅವಮಾನ ನುಂಗಿ, ಛಲದಿಂದ ಓದಿ ಮೇಲೆ ಬಂದರು. ಈ ಮಾತು ಸುಳ್ಳಲ್ಲ. ಆದರೆ ಹೀಗೆ ಹೇಳಿದ ಕೂಡಲೇ ಲೇಖಕರ ಛಲವೊಂದೇ ಎದ್ದು ನಿಲ್ಲುತ್ತದೆ, ಅವರು ಓದಿದ ಶಾಲೆ ಹಿಂದಕ್ಕೆ ಸರಿಯುತ್ತದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಮತ್ತು ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ನಾನು ಈಚೆಗೆ ಒಟ್ಟಿಗೇ ಓದಿದೆ. ಈ ಸಲ ಗಮನವಿಟ್ಟದ್ದು ಶಾಲೆ, ಹಾಸ್ಟೆಲು, ಸ್ಕಾಲರ್‌ಶಿಪ್ಪುಗಳ ಮೇಲೆ. ಹಾಗೆ ಓದಿದಾಗ ಇವು ಇಬ್ಬರು ಸಾಧಕರ ಕಥೆಗಳಾಗಿ ಮಾತ್ರ ಕಾಣಲಿಲ್ಲ. ನಮ್ಮ ಸರ್ಕಾರಿ ಶಿಕ್ಷಣದ ಚರಿತ್ರೆಯಲ್ಲಿ ಖಾಲಿ ಬಿಟ್ಟಿದ್ದ ಕೆಲವು ಪುಟಗಳು ಇಲ್ಲಿ ತುಂಬಿವೆ ಅನ್ನಿಸಿತು.

ಆ ಖಾಲಿ ಪುಟಗಳಲ್ಲಿ ಮೊದಲನೆಯದು ಧಾರವಾಡದ್ದು. 1854ರ ವುಡ್ ಶಿಫಾರಸುಗಳು ಬಂದು ಎರಡು ವರ್ಷವಾಗಿತ್ತಷ್ಟೆ. 1856ರ ಜೂನ್‌ನಲ್ಲಿ ಮಹಾರ್ ಜಾತಿಯ ಹುಡುಗನೊಬ್ಬನಿಗೆ ಧಾರವಾಡದ ಸರ್ಕಾರಿ ಶಾಲೆಯಲ್ಲಿ ಪ್ರವೇಶ ಸಿಗಲಿಲ್ಲವೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಹೋಯಿತು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸರ್ಕಾರದ ಉತ್ತರದ ಸಾರಾಂಶ ಇಷ್ಟು: ನ್ಯಾಯ ಅರ್ಜಿದಾರನ ಕಡೆಗೇ ಇದೆ, ಆದರೆ ಒಬ್ಬಿಬ್ಬರ ಸಲುವಾಗಿ ಬಹುಕಾಲದ ಪೂರ್ವಗ್ರಹವನ್ನು ಒಮ್ಮೆಲೇ ಎದುರುಹಾಕಿಕೊಂಡರೆ ಉಳಿದವರೆಲ್ಲರ ಶಿಕ್ಷಣ ಕೆಡುತ್ತದೆ. ಕಲ್ಕತ್ತೆಯ ಸರ್ಕಾರಕ್ಕೆ ಇದು ಒಪ್ಪಿಗೆಯಾಗಲಿಲ್ಲ. 1858ರಲ್ಲಿ ಕಂಪನಿಯ ನಿರ್ದೇಶಕ ಮಂಡಳಿ ಸರ್ಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ಸಮಾನವಾಗಿ ಸೇರಿದವು ಎಂಬ ತತ್ವವನ್ನು ಸ್ಪಷ್ಟಪಡಿಸಿತು. ಅಂಬೇಡ್ಕರ್ 1928ರಲ್ಲಿ ಸೈಮನ್ ಆಯೋಗದ ಮುಂದಿಟ್ಟ ಹೇಳಿಕೆಯಲ್ಲಿ ಈ ಪ್ರಕರಣವನ್ನು ಬಿಡಿಸಿ ಹೇಳಿದ್ದಾರೆ.

ಈ ಕಡತದಲ್ಲಿ ಸರ್ಕಾರದ ದನಿ ಚೆನ್ನಾಗಿ ಕೇಳುತ್ತದೆ. ಮೇಲಿನ ಸರ್ಕಾರದ ದನಿಯೂ ಕೇಳುತ್ತದೆ. ಹುಡುಗನದ್ದು ಮಾತ್ರ ಕೇಳುವುದಿಲ್ಲ. ತಿರಸ್ಕಾರಕ್ಕೆ ಸರ್ಕಾರ ಕೊಟ್ಟ ಕಾರಣವನ್ನು ನೆನಪಿನಲ್ಲಿಡಬೇಕು: ಅವನು ಒಬ್ಬ, ಅವರು ಬಹಳ ಜನ.

ಬಾಗಿಲು ತೆರೆಯಿರಿ ಎನ್ನುವ ಆದೇಶ ಒಂದು, ಒಳಗೆ ಕೂರುವ ಜಾಗ ಇನ್ನೊಂದು. ಸತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರರಿಗೆ ಪ್ರವೇಶವೇನೋ ಇತ್ತು. ಆದರೆ ಕೂರಲು ಮನೆಯಿಂದ ಗೋಣಿತಾಟು ತರಬೇಕಿತ್ತು. ಶಾಲೆ ಬಿಟ್ಟಾಗ ಅದನ್ನು ವಾಪಸು ಒಯ್ಯಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸದೆ ನೀರಿಲ್ಲ. ಹಾಜರಿ ಪುಸ್ತಕದ ಲೆಕ್ಕದಲ್ಲಿ ಅವರೂ ಶಾಲೆಯೊಳಗಿನ ಒಬ್ಬ ವಿದ್ಯಾರ್ಥಿ. ಶಿಕ್ಷಣದ ವಿಸ್ತರಣೆಯನ್ನು ಹಾಜರಿ ಪುಸ್ತಕದಿಂದ ಅಳೆಯುವವರಿಗೆ ಆ ಗೋಣಿತಾಟು ಕಾಣುವುದಿಲ್ಲ. ಆತ್ಮಕಥೆ ಬೇಕಾಗುವುದು ಇಲ್ಲಿ.

ಧಾರವಾಡದ ಅರ್ಜಿಗೆ ನೂರು ವರ್ಷವಾದಾಗ, 1956ರಲ್ಲಿ, ಅದೇ ಮುಂಬಯಿ ಕರ್ನಾಟಕದ ಮುದ್ದೇಬಿಹಾಳದಲ್ಲಿ ಮಾಲಗತ್ತಿಯವರು ಹುಟ್ಟಿದರು. ಅವರ ಪುಸ್ತಕ ಹುಟ್ಟಿನಿಂದ ಇಂದಿನವರೆಗೆ ಸಾಲಾಗಿ ಸಾಗುವ ಜೀವನಚರಿತ್ರೆಯಲ್ಲ, ಬಿಡಿ ಬಿಡಿ ಘಟನೆಗಳ ಜೋಡಣೆ. ಇದನ್ನು ಶಿಲ್ಪದ ಕೊರತೆ ಎಂದು ನಾನು ಓದುವುದಿಲ್ಲ. ಸಾಲಾಗಿ ಹೇಳಿದ್ದರೆ ಅದು ಏಣಿಯಾಗುತ್ತಿತ್ತು, ಕೊನೆಯ ಮೆಟ್ಟಿಲಲ್ಲಿ ಪ್ರಾಧ್ಯಾಪಕರು ನಿಂತಿರುತ್ತಿದ್ದರು, ಓದುಗ ಸಮಾಧಾನದ ಉಸಿರು ಬಿಡುತ್ತಿದ್ದ. ಬಿಡಿ ಘಟನೆಗಳು ಆ ಸಮಾಧಾನ ಕೊಡುವುದಿಲ್ಲ. ಒಂದು ಅವಮಾನ ಮುಗಿದ ಮೇಲೆ ಪದವಿ ಬರುತ್ತದೆ ಎಂಬ ಭರವಸೆ ಅಲ್ಲಿಲ್ಲ. ಓದು ಹೆಚ್ಚಿದಂತೆ ಅವಮಾನದ ರೂಪ ಬದಲಾಗುತ್ತದೆ ಅಷ್ಟೆ.

ಶೀರ್ಷಿಕೆಯಂತೂ ಒಂದು ಪ್ರಬಂಧಕ್ಕೆ ಸಾಕಾಗುವಷ್ಟು ಚರಿತ್ರೆಯನ್ನು ಹೊತ್ತಿದೆ. ಸರ್ಕಾರದ ನೆರವಿನಿಂದ ಓದುವ ದಲಿತ ವಿದ್ಯಾರ್ಥಿಯನ್ನು ಚುಚ್ಚಲು ಬಳಸುತ್ತಿದ್ದ ಮಾತು ಅದು. ದಾನ ಪಡೆಯುವವನು ಬ್ರಾಹ್ಮಣ, ನೀನು ಸರ್ಕಾರದಿಂದ ಪಡೆಯುತ್ತೀಯ, ಹಾಗಾಗಿ ನೀನು ಗೌರ್ಮೆಂಟ್ ಬ್ರಾಹ್ಮಣ. ಈ ವ್ಯಂಗ್ಯ ಎಷ್ಟು ಹಳೆಯದರ ಮೇಲೆ ನಿಂತಿದೆ ಎಂದು ತಿಳಿಯಬೇಕಾದರೆ ಮಾಲಗತ್ತಿಯವರ ಜಿಲ್ಲೆಯಲ್ಲೇ ಇರುವ ಸಾಲೋಟಗಿಗೆ ಹೋಗಬೇಕು. ಅಲ್ಲಿನ 945ರ ಶಾಸನದ ಪ್ರಕಾರ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬರುವ ವಿದ್ಯಾರ್ಥಿಗಳ ವಾಸಕ್ಕೆ ಮನೆಗಳಿದ್ದವು, ದೀಪದ ಖರ್ಚಿಗೂ ಭೂಮಿ ಬಿಟ್ಟಿದ್ದರು. ಉಚಿತ ಓದು, ವಸತಿ, ರಾತ್ರಿ ಓದಲು ಬೆಳಕು ಎಲ್ಲವೂ ಆ ನೆಲದಲ್ಲಿ ಸಾವಿರ ವರ್ಷದ ಹಿಂದೆಯೇ ಇತ್ತು. ಹಾಗೆ ಪಡೆದು ಓದಿದವರ ಪುಣ್ಯವನ್ನು ಕಲ್ಲಿನಲ್ಲಿ ಕೆತ್ತಿದರು. ಅದೇ ಸೌಲಭ್ಯ ಹೊಲಗೇರಿಯ ಹುಡುಗನಿಗೆ ಬಂದಾಗ ಅದು ಅಡ್ಡಹೆಸರಾಯಿತು. ಆ ಅಡ್ಡಹೆಸರನ್ನೇ ಮುಖಪುಟಕ್ಕೆ ತಂದು ಮಾಲಗತ್ತಿಯವರು ಕೇಳುವ ಪ್ರಶ್ನೆ ನೇರವಾದದ್ದು: ಪಡೆಯುವುದು ನಾಚಿಕೆಯೋ, ಪಡೆಯುವವನ ಜಾತಿ ನಿಮಗೆ ನಾಚಿಕೆಯೋ?

‘ಊರುಕೇರಿ’ಯ ದಾರಿ ಬೇರೆ. ಅದು ನಗುತ್ತದೆ. ನೊಗಕ್ಕೆ ಹೆಗಲು ಕೊಟ್ಟು ಎತ್ತಿನಂತೆ ನಡೆಯುವ ಮನುಷ್ಯರನ್ನು ಕಂಡ ಹುಡುಗ, ಮಾಗಡಿ ಸೀಮೆಯಿಂದ ಬೆಂಗಳೂರಿಗೆ ಬಂದು, ಹಾಸ್ಟೆಲಿನ ಲೋಕವನ್ನು ಸೇರುತ್ತಾನೆ. ಸ್ಮಶಾನವನ್ನೂ ಓದುವ ಜಾಗ ಮಾಡಿಕೊಳ್ಳುತ್ತಾನೆ. ಅಷ್ಟೆಲ್ಲವನ್ನೂ ಪಕ್ಕದಲ್ಲಿ ಕೂತು ಹರಟುವ ಗೆಳೆಯನ ದನಿಯಲ್ಲಿ ಹೇಳುತ್ತಾನೆ. ಈ ನಗುವಿನ ಬಗ್ಗೆ ಡಿ.ಆರ್. ನಾಗರಾಜ್ ಬರೆದದ್ದು ಕನ್ನಡ ವಿಮರ್ಶೆಯ ಒಳ್ಳೆಯ ಪುಟಗಳಲ್ಲಿ ಒಂದು. ಬಡವರ ನಗುವಿಗೆ ಶಕ್ತಿಯಿದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಅದಕ್ಕೆ ನನ್ನದೊಂದು ಸಣ್ಣ ಸೇರ್ಪಡೆ ಇದೆ. ನಗಲು ಜೊತೆ ಬೇಕು. ಸತಾರಾದ ಗೋಣಿತಾಟಿನ ಮೇಲೆ ಒಬ್ಬನೇ ಕೂತ ಹುಡುಗನಿಗೆ ಆ ಅವಮಾನವನ್ನು ತಮಾಷೆಯಾಗಿ ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಸಿದ್ಧಲಿಂಗಯ್ಯನವರಿಗೆ ಹಾಸ್ಟೆಲು ಇತ್ತು. ಒಂದೇ ತರದ ಊಟ, ಒಂದೇ ತರದ ಹಸಿವು, ಒಂದೇ ತರದ ಬೈಗುಳ ಉಂಡ ನೂರಾರು ಹುಡುಗರು ಅಲ್ಲಿದ್ದರು. ಅವರ ಗದ್ಯದ ಹಿಂದೆ ಆ ಕೋಣೆಗಳ ರಾತ್ರಿಯ ಹರಟೆ ಇದೆ.

ಹಾಗಾಗಿ ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಹಾಸ್ಟೆಲಿಗೆ ಶಾಲೆಯಷ್ಟೇ ಜಾಗ ಕೊಡಬೇಕು ಎಂದು ನನ್ನ ವಾದ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಮಠಗಳು ಉಚಿತ ಪ್ರಸಾದ ನಿಲಯಗಳನ್ನು ನಡೆಸಿದವು. ಮೈಸೂರು ಸಂಸ್ಥಾನ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ, ನೌಕರಿ ಯಾರ ಪಾಲಾಗಿದೆ ಎಂದು ಕೇಳಿತು. ಆಮೇಲೆ ಸರ್ಕಾರಿ ವಿದ್ಯಾರ್ಥಿನಿಲಯಗಳು ಬಂದವು. 1973ರ ಕೊನೆಗೆ ಬಸವಲಿಂಗಪ್ಪನವರ ಬೂಸಾ ಮಾತಿಗೆ ರಾಜ್ಯವೇ ಕುದ್ದಾಗ ಪೆಟ್ಟು ತಿಂದವರಲ್ಲೂ ಬೀದಿಗಿಳಿದವರಲ್ಲೂ ಹಾಸ್ಟೆಲಿನ ಹುಡುಗರಿದ್ದರು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂತು. ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು. ಒಬ್ಬನೇ ಇದ್ದಾನೆ ಎಂದು 1856ರಲ್ಲಿ ಬಾಗಿಲು ಮುಚ್ಚಿದ ಸರ್ಕಾರದ ತರ್ಕಕ್ಕೆ ಉತ್ತರ ಸಿಕ್ಕಿದ್ದು ಆದೇಶದಿಂದಲ್ಲ, ಹಾಸ್ಟೆಲಿನಲ್ಲಿ ಒಬ್ಬ ಹಲವರಾದದ್ದರಿಂದ.

ಈ ವಾದಕ್ಕೆ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಪ್ರತ್ಯೇಕ ಹಾಸ್ಟೆಲು ಎಂದರೆ ಕೇರಿಯನ್ನೇ ಪಟ್ಟಣಕ್ಕೆ ತಂದಂತಲ್ಲವೆ? ಹೌದು, ಒಂದು ಮಟ್ಟಿಗೆ ಹಾಗೆಯೇ. ಅದೇ ಜಾಗ ಬೇರ್ಪಡಿಸಿತು, ಅದೇ ಜಾಗ ಒಗ್ಗೂಡಿಸಿತು. ಎರಡೂ ಪುಸ್ತಕಗಳು ಈ ಇಬ್ಬಂದಿಯಲ್ಲೇ ಬದುಕುತ್ತವೆ. ಇನ್ನೊಂದು ಮಾತು: ಎರಡೂ ಗಂಡು ಹುಡುಗರ ಕಥೆಗಳು. ಹುಡುಗ ಹಾಸ್ಟೆಲಿಗೆ ಹೋದಾಗ ಮನೆಯಲ್ಲಿ ಉಳಿದು ಕೂಲಿಗೆ ಹೋದ ಅಕ್ಕತಂಗಿಯರ ಕಡೆಯಿಂದ ಈ ಚರಿತ್ರೆಯನ್ನು ಬರೆದರೆ ಅದರ ಕಾಲಮಾನವೇ ಬೇರೆಯಾಗುತ್ತದೆ.

ಇಂದು ಶಿಕ್ಷಣ ಹಕ್ಕು. 2009ರ ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅದನ್ನು ಬರೆದುಕೊಟ್ಟಿದೆ. ಆದರೂ ಬಿಸಿಯೂಟ, ಸೈಕಲ್ಲು, ವಿದ್ಯಾರ್ಥಿವೇತನದ ಮಾತು ಬಂದಾಗಲೆಲ್ಲ ‘ಬಿಟ್ಟಿ’ ಎಂಬ ಪದ ನಮ್ಮ ನಾಲಗೆಗೆ ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಕಾಲೇಜಿನಲ್ಲಿ ಮಾಲಗತ್ತಿಯವರ ಪುಸ್ತಕ ಓದಿ ಕಣ್ಣೊರೆಸಿಕೊಂಡವರೂ ಸಂಜೆ ಬಸ್ಸಿನಲ್ಲಿ ಆ ಪದ ಆಡುತ್ತಾರೆ. ‘ಛಲದಿಂದ ಮೇಲೆ ಬಂದರು’ ಎಂಬ ನಮ್ಮ ಮೆಚ್ಚುಗೆಯ ಮಾತು ಇದಕ್ಕೆ ಸ್ವಲ್ಪವಾದರೂ ಹೊಣೆ ಎಂದು ನನಗನ್ನಿಸುತ್ತದೆ. ಛಲವಿದ್ದವನು ಬಂದೇ ಬರುತ್ತಾನೆ ಅಂದಮೇಲೆ ಹಾಸ್ಟೆಲು ಯಾಕೆ, ಊಟ ಯಾಕೆ? ಈ ಪುಸ್ತಕಗಳನ್ನು ಇನ್ನೊಮ್ಮೆ ಕೈಗೆತ್ತಿಕೊಳ್ಳುವಾಗ ನಾಯಕನನ್ನು ಮೆಚ್ಚುವ ಮೊದಲು, ಅವನ ಅನ್ನ ಯಾವ ಲೆಕ್ಕದಿಂದ ಬಂತು, ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಹುಡುಕಿ ಓದಿ.