ಕಾಣದ ಕನಸು, ಕೂಗಿದ ಹುಂಜ: ‘ಯಶೋಧರ ಚರಿತೆ’ಯಲ್ಲಿ ಆತ್ಮಶೋಧನೆಯ ನೆಲೆ

ಜನ್ನನ ‘ಯಶೋಧರ ಚರಿತೆ’ಯನ್ನು (1209) ಮನೋವಿಶ್ಲೇಷಣೆಯ ಬೆಳಕಿನಲ್ಲಿ ಓದುವ ಪರಿಪಾಠ ಕನ್ನಡ ವಿಮರ್ಶೆಗೆ ಹೊಸದಲ್ಲ. ಆದರೆ ಆ ಬೆಳಕು ಬಹುಪಾಲು ಒಂದೇ ಪಾತ್ರದ ಮೇಲೆ ಬಿದ್ದಿದೆ. ಚೆಲುವನಾದ ಅರಸನ ಪಕ್ಕದಿಂದ ಎದ್ದು ಹೋಗಿ ಕುರೂಪಿಯಾದ ಮಾವತನನ್ನು ಕೂಡುವ ಅಮೃತಮತಿಯನ್ನು ಕಂಡೊಡನೆ ನಮಗೆ ಫ್ರಾಯ್ಡ್ ನೆನಪಾಗುತ್ತಾನೆ, ಯೂಂಗ್ ನೆನಪಾಗುತ್ತಾನೆ. ಸುಪ್ತಪ್ರಜ್ಞೆ, ದಮನಿತ ಕಾಮ, ವ್ಯಕ್ತಿತ್ವದ ‘ಛಾಯೆ’ ಮುಂತಾದ ಪರಿಭಾಷೆಗಳೆಲ್ಲ ಅವಳ ಸುತ್ತ ನೆರೆಯುತ್ತವೆ. ಹತ್ತಾರು ವರ್ಷ ತರಗತಿಯಲ್ಲಿ ನಾವೂ ಹಾಗೆಯೇ ಪಾಠ ಹೇಳಿದ್ದೇವೆ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ, ಕನ್ನಡವನ್ನು ಮನೆಮಾತಾಗಿ ಅಲ್ಲದೆ ಪಾಠವಾಗಿಯೇ ಕಲಿತವಳು, “ಇದರಲ್ಲಿ ಅವಳು ಬಚ್ಚಿಟ್ಟದ್ದು ಏನು?” ಎಂದು ಕೇಳಿದಳು. ಆ ಹೊತ್ತಿಗೆ ಕೊಟ್ಟ ಉತ್ತರ ನಮಗೇ ಒಪ್ಪಿಗೆಯಾಗಲಿಲ್ಲ. ಪ್ರಸ್ತುತ ಲೇಖನ ಆ ಪ್ರಶ್ನೆಯ ಬೆನ್ನು ಹಿಡಿದು ಹೊರಟದ್ದು.

ವಸ್ತುತಃ ಅಮೃತಮತಿಯ ಮನಸ್ಸಿನಲ್ಲಿ ಬಚ್ಚಿಟ್ಟದ್ದು ತೀರ ಕಡಿಮೆ. ಇರುಳಿನ ಕೊನೆಯಲ್ಲಿ ತೇಲಿಬಂದ ಹಾಡಿಗೆ ಅವಳು ಸೋಲುತ್ತಾಳೆ. ಹಾಡಿದವನನ್ನು ನೋಡಿ ಬರಲು ಕೆಳದಿಯನ್ನು ಅಟ್ಟುತ್ತಾಳೆ. ಕೆಳದಿ ಅಷ್ಟಾವಂಕನ ಅಂದಗೇಡಿತನವನ್ನು ಬಣ್ಣಿಸಿ ಹೇಸಿದಾಗ, ಒಲವಿಗೆ ರೂಪದ ಹಂಗಿಲ್ಲವೆಂಬ ನಿಲುವನ್ನು ತರ್ಕಬದ್ಧವಾಗಿಯೇ ಮಂಡಿಸುತ್ತಾಳೆ. ಅವಳು ಗಂಡನಿಗೆ ಮರೆಮಾಡಿದಳೇ ಹೊರತು ತನಗೆ ತಾನು ಮರೆಮಾಡಿಕೊಳ್ಳಲಿಲ್ಲ. ಗುಟ್ಟು ಬೇರೆ, ಅಪ್ರಜ್ಞೆ ಬೇರೆ. ಈ ಎರಡನ್ನು ಒಂದೇ ಎಂದು ಭಾವಿಸಿದ್ದರಿಂದ ನಮ್ಮ ವಿಮರ್ಶೆ ಕಾವ್ಯದ ನಿಜವಾದ ಕತ್ತಲಕೋಣೆಯನ್ನು ಬಿಟ್ಟು ಪಕ್ಕದ ಕೋಣೆಯಲ್ಲಿ ದೀಪ ಹಚ್ಚಿತು. ಆ ಕತ್ತಲಕೋಣೆ ಯಶೋಧರನದು.

ಕಥೆ ಸುಪರಿಚಿತವಾದ್ದರಿಂದ ಎಲ್ಲವನ್ನೂ ಹೇಳಬೇಕಿಲ್ಲ. ಹೆಂಡತಿಯ ಬೆನ್ನುಹತ್ತಿ ಹೋದ ಅರಸ ಎಲ್ಲವನ್ನೂ ಕಣ್ಣಾರೆ ಕಾಣುತ್ತಾನೆ. ಕತ್ತಿಗೆ ಕೈಹಾಕುತ್ತಾನೆ, ಮತ್ತೆ ತಡೆಯುತ್ತಾನೆ. ಈ ತಡೆಯನ್ನು ನಾವು ಸಾಮಾನ್ಯವಾಗಿ ಧೀರೋದಾತ್ತತೆ ಎಂದು ಓದುತ್ತೇವೆ. ಆದರೆ ಮರುದಿನ ಅದೇ ಅರಸ ಸರಸದ ನೆವದಲ್ಲಿ ರಾಣಿಯನ್ನು ನೆಯ್ದಿಲಿನಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದಂತೆ ಬಿದ್ದಾಗ ಎರಡರ್ಥದ ಮಾತಾಡಿ ಚುಚ್ಚುತ್ತಾನೆ. ಇರುಳು ಬೀಳದ ಏಟು ಹಗಲಿನಲ್ಲಿ ಹೂವಾಗಿ ಬಿದ್ದಿದೆ. ಜನ್ನ ಇಲ್ಲಿ ಯಾವ ವ್ಯಾಖ್ಯಾನವನ್ನೂ ಕೊಡುವುದಿಲ್ಲ. ಹೂವನ್ನು ಅರಸನ ಕೈಗೆ ಕೊಟ್ಟು ಸುಮ್ಮನಾಗುತ್ತಾನೆ. ಮುನ್ನೂರು ಚಿಲ್ಲರೆ ಪದ್ಯಗಳ, ಬಹುಮಟ್ಟಿಗೆ ಕಂದದಲ್ಲೇ ನಡೆಯುವ ಈ ಕಾವ್ಯದಲ್ಲಿ ಇಂಥ ಮೌನಗಳಿಗೆ ಇರುವ ತೂಕ ಬೃಹತ್ ಚಂಪೂಗಳಲ್ಲಿ ಸಿಗುವುದು ಅಪರೂಪ.

ಅಲ್ಲಿಂದ ಮುಂದೆ ಬರುವುದು ಕಾವ್ಯದ ತಿರುಗಣಿ. ಬಾಡಿದ ಮೋರೆಯ ಮಗನನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳುತ್ತಾಳೆ. ಯಶೋಧರ ಕಂಡದ್ದನ್ನು ಹೇಳಲಾರ, ಹೇಳದೆಯೂ ಇರಲಾರ. ಆಗ ಅವನು ಒಂದು ಕನಸನ್ನು ಕಟ್ಟುತ್ತಾನೆ. ರಾಣಿಯ ಹೆಸರೆತ್ತದೆ, ತಕ್ಕ ನೆಲೆಯನ್ನು ತೊರೆದು ತಕ್ಕದಲ್ಲದ್ದನ್ನು ಸೇರುವ ಒಂದು ಚಿತ್ರವನ್ನು ಕನಸಿನ ಹೆಸರಿನಲ್ಲಿ ತಾಯಿಯ ಮುಂದಿಡುತ್ತಾನೆ. ಇದು ಕಾಣದ ಕನಸು. ಫ್ರಾಯ್ಡ್ 1907ರಲ್ಲಿ ಜರ್ಮನ್ ಲೇಖಕ ಯೆನ್ಸೆನ್‌ನ ‘ಗ್ರಾದಿವಾ’ ಎಂಬ ಕಥೆಯನ್ನು ಕುರಿತು ಬರೆದಾಗ, ಯಾರೂ ಕಾಣದ, ಲೇಖಕನೊಬ್ಬ ತನ್ನ ಪಾತ್ರಕ್ಕಾಗಿ ಕಟ್ಟಿಕೊಟ್ಟ ಕನಸುಗಳನ್ನೂ ನಿಜವಾದ ಕನಸುಗಳಂತೆಯೇ ಬಿಡಿಸಬಹುದೆಂದು ತೋರಿಸಲು ಹೊರಟಿದ್ದ. ಜನ್ನನ ಪ್ರಸಂಗ ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಇಲ್ಲಿ ಕನಸನ್ನು ಕಟ್ಟುವವನು ಪಾತ್ರವೇ. ಅದು ಸುಳ್ಳೆಂದು ಅವನಿಗೆ ಗೊತ್ತು. ಆದರೆ ತನ್ನ ಸುಳ್ಳಿನಲ್ಲಿ ತಾನು ಏನನ್ನು ಬೇಡುತ್ತಿದ್ದೇನೆ ಎಂಬುದು ಗೊತ್ತಿಲ್ಲ. ತಾಯಿಗೆ ಅದು ಗೊತ್ತಾಗಿಬಿಡುತ್ತದೆ: ಅಪಶಕುನದ ಶಾಂತಿಗೆ ಬಲಿ ಬೇಕು ಎನ್ನುತ್ತಾಳೆ. ಅವಳ ಕುರುಡು ಭಕ್ತಿಯನ್ನು ವಿಮರ್ಶಕರು ಬೇಕಾದಷ್ಟು ಹಳಿದಿದ್ದಾರೆ. ಮಗನ ಎದೆಯಲ್ಲಿ ಒಂದು ಕೊಲೆ ಕಾದುಕೊಂಡಿದೆ ಎಂಬುದನ್ನು ಅವಳೊಬ್ಬಳೇ ಸರಿಯಾಗಿ ಕೇಳಿಸಿಕೊಂಡಳು ಎಂಬುದು ನಮ್ಮ ಗ್ರಹಿಕೆ.

ಅರಸ ಜೀವಬಲಿಗೆ ಒಪ್ಪುವುದಿಲ್ಲ. ಹಿಟ್ಟಿನ ಹುಂಜದ ರಾಜಿ ಹುಟ್ಟುವುದು ಇಲ್ಲಿಯೇ. ಅಂದವಾಗಿ ರೂಪಿಸಿದ ಆ ಹುಂಜದ ಚೆಲುವಿಗೆ ಸೋತು ಒಂದು ಬೆಂತರ ಒಳಹೊಕ್ಕಿದೆ. ಕತ್ತಿ ಬಿದ್ದೊಡನೆ ಹುಂಜ ಕೂಗುತ್ತದೆ. ಅಹಿಂಸಾವಾದಿಯಾದ ಒಬ್ಬ ಸಜ್ಜನ ತನ್ನ ಕ್ರೋಧವನ್ನು ಹಿಟ್ಟಿಗೆ ವರ್ಗಾಯಿಸಿದ, ಹಿಟ್ಟು ಬಾಯಿಬಿಟ್ಟಿತು. ಸಂಕಲ್ಪಹಿಂಸೆಯ ಈ ಪ್ರಸಂಗವನ್ನು ಧರ್ಮಬೋಧೆಯ ಉದಾಹರಣೆಯಾಗಿ ಮಾತ್ರ ಓದಿದರೆ ಒಂದು ತೊಡಕು ಎದುರಾಗುತ್ತದೆ. ಜೀವವಿಲ್ಲದ ಹಿಟ್ಟನ್ನು ಕತ್ತರಿಸಿದ್ದಕ್ಕೆ ಇಷ್ಟೊಂದು ಭವಗಳ ಶಿಕ್ಷೆಯೇ ಎಂದು ಪ್ರತಿವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ದ್ರವ್ಯಹಿಂಸೆ, ಭಾವಹಿಂಸೆ ಎಂಬ ಜೈನ ವಿಭಾಗವನ್ನು ಹೇಳಿ ನಾವು ಪಾರಾಗುತ್ತೇವೆ. ಉತ್ತರ ಶಾಸ್ತ್ರಶುದ್ಧ, ಆದರೆ ಅರ್ಧ. ಹಿಟ್ಟಿನ ಮೇಲೆ ಇಳಿದ ಕತ್ತಿ ಇರುಳಿನಲ್ಲಿ ಮಾವತನ ಮತ್ತು ರಾಣಿಯ ಮೇಲೆ ಎತ್ತಿದ ಕತ್ತಿಯೇ ಎಂಬುದನ್ನು ಸೇರಿಸಿದಾಗ ಮಾತ್ರ ಉತ್ತರ ಪೂರ್ಣವಾಗುತ್ತದೆ. ಆ ಹಿಂಸೆಯ ಗುರಿ ಹುಂಜವಾಗಿರಲೇ ಇಲ್ಲ.

ಇದಕ್ಕೆ ಯೂಂಗ್‌ನ ‘ಛಾಯೆ’ ಎಂಬ ಪರಿಕಲ್ಪನೆ ಹೊಂದುವುದಿಲ್ಲವೆ? ಹೊಂದುತ್ತದೆ. ಸಮಾಜಕ್ಕೆ ತೋರುವ ಮುಖವಾಡದ ಹಿಂದೆ, ತನ್ನದೆಂದು ಒಪ್ಪಿಕೊಳ್ಳಲಾಗದ ಗುಣಗಳು ಒಟ್ಟಾಗಿ ನೆರಳಿನಂತೆ ಹಿಂಬಾಲಿಸುತ್ತವೆ. ಮನುಷ್ಯ ಅವನ್ನು ಇತರರ ಮೇಲೆ ಆರೋಪಿಸುತ್ತಾನೆ. ಅವನ್ನು ತನ್ನವೆಂದು ಗುರುತಿಸುವುದೇ ಆತ್ಮಜ್ಞಾನದ ಮೊದಲ ಮೆಟ್ಟಿಲು ಎಂಬ ಅವನ ವಿಚಾರ ಯಶೋಧರನನ್ನು ಅರಿಯಲು ನೆರವಾಗುವುದು ನಿಜ. ಆದರೆ ಜನ್ನನ ಪರಂಪರೆಯಲ್ಲಿಯೇ ಇದಕ್ಕೊಂದು ಪದವಿದೆ, ಅದು ಹೆಚ್ಚು ಹರಿತವಾದದ್ದು: ಶಲ್ಯ. ಶಲ್ಯವೆಂದರೆ ಒಳಗೆ ಮುರಿದುಳಿದ ಮುಳ್ಳು. ಮಾಯಾಶಲ್ಯ, ಮಿಥ್ಯಾಶಲ್ಯ, ನಿದಾನಶಲ್ಯ ಎಂದು ಮೂರು ಬಗೆ. ಶಲ್ಯವಿಲ್ಲದವನೇ ವ್ರತಿ ಎನ್ನುತ್ತದೆ ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’. ಕಟ್ಟಿದ ಕನಸು ಕಪಟವಾದ್ದರಿಂದ ಮಾಯಾಶಲ್ಯ. ನೆರಳಿಗೂ ಮುಳ್ಳಿಗೂ ಇರುವ ವ್ಯತ್ಯಾಸ ಕೇವಲ ರೂಪಕದ್ದಲ್ಲ. ನೆರಳಿನೊಡನೆ ಒಂದು ಹೊಂದಾಣಿಕೆಗೆ ಬರಬಹುದು, ಅದನ್ನು ವ್ಯಕ್ತಿತ್ವದೊಳಗೆ ಸೇರಿಸಿಕೊಳ್ಳಬಹುದು. ಯೂಂಗ್ ಬಯಸುವುದು ಅದನ್ನೇ. ಮುಳ್ಳನ್ನು ಸೇರಿಸಿಕೊಳ್ಳುವಂತಿಲ್ಲ, ಕೀಳಬೇಕು. ಯೂಂಗ್‌ನ ಗುರಿ ಸಮಗ್ರ ವ್ಯಕ್ತಿತ್ವ, ಜನ್ನನ ಗುರಿ ವ್ಯಕ್ತಿತ್ವವೆಂಬ ಕಟ್ಟಿನಿಂದಲೇ ಬಿಡುಗಡೆ. ಪಾಶ್ಚಾತ್ಯ ಪರಿಭಾಷೆಯನ್ನು ಬಳಸಬಾರದೆಂದು ನಾವು ಹೇಳುತ್ತಿಲ್ಲ. ಕನಸಿನ ಪ್ರಸಂಗದಲ್ಲಿ ನಾವೇ ಬಳಸಿದ್ದೇವೆ. ಎಲ್ಲಿಗೆ ಅದರ ದಾರಿ ಮುಗಿಯುತ್ತದೆ ಎಂಬ ಎಚ್ಚರ ಇರಬೇಕಷ್ಟೆ.

ಮುಂದಿನ ಭವಾವಳಿಯನ್ನು ಅನೇಕರು ಬೇಸರದಿಂದ ದಾಟಿಬಿಡುತ್ತಾರೆ. ನವಿಲು, ನಾಯಿ, ಮೀನು, ಮೊಸಳೆ, ಆಡು ಎಂದು ಸಾಗುವ ಆ ಭಾಗದಲ್ಲಿ ಯಾಂತ್ರಿಕತೆ ಇರುವುದನ್ನು ಒಪ್ಪಲೇಬೇಕು. ಆದರೂ ಎರಡು ಪ್ರಸಂಗಗಳನ್ನು ಬಿಡುವಂತಿಲ್ಲ. ನವಿಲಾಗಿ ಹುಟ್ಟಿದ ಯಶೋಧರ ಅರಮನೆಯಲ್ಲಿ ಅಮೃತಮತಿಯನ್ನೂ ಅವಳ ಮಿಂಡನನ್ನೂ ಕಂಡೊಡನೆ ಹಿಂದಿನದು ನೆನಪಾಗಿ ಅವರ ಮೇಲೆರಗುತ್ತಾನೆ. ಅರಸನಾಗಿ ಮಾಡದೆ ಬಿಟ್ಟದ್ದನ್ನು ಹಕ್ಕಿಯಾಗಿ ಮಾಡುತ್ತಾನೆ. ಅಂದು ಕತ್ತಿಯನ್ನು ತಡೆದದ್ದು ಕ್ಷಮೆಯಲ್ಲವೆಂಬುದಕ್ಕೆ ಕಾವ್ಯದೊಳಗೇ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನೆನಪು ಬಂದರಷ್ಟೇ ಸಾಲದು ಎಂಬುದೂ ಇಲ್ಲಿ ಸ್ಪಷ್ಟವಾಗುತ್ತದೆ. ನವಿಲಿಗೆ ಬಂದ ನೆನಪು ಕ್ರೋಧದ ಕೈಯಾಳು. ಎರಡನೆಯದು ಕೊನೆಯ ತಿರ್ಯಗ್ಭವ. ತಾಯಿ ಮಗ ಇಬ್ಬರೂ ಕೋಳಿಗಳಾಗಿ ಮುನಿಯ ಮಾತನ್ನು ಕೇಳಿ ಜಾತಿಸ್ಮರಣೆ ಪಡೆದು ಸಂತಸದಿಂದ ಕೂಗುತ್ತಾರೆ. ಆ ದನಿಯನ್ನೇ ಗುರಿಯಾಗಿಸಿ ಯಶೋಮತಿ ಶಬ್ದವೇಧಿ ವಿದ್ಯೆಯಿಂದ ಅವರನ್ನು ಕೊಲ್ಲುತ್ತಾನೆ. ಮೊದಲು ಹಿಟ್ಟಿನ ಹುಂಜ ಕೂಗಿತ್ತು, ಈಗ ನಿಜದ ಹುಂಜ. ಮೊದಲ ಕೂಗು ತನ್ನೊಳಗಿನದು ಹೊರಗಿನಿಂದ ಬಂದಂತೆ ಕೇಳಿ ಬೆಚ್ಚಿದವನದು, ಎರಡನೆಯದು ಅದನ್ನು ತನ್ನದೆಂದು ಅರಿತವನದು. ಈ ಎರಡು ಕೂಗುಗಳ ನಡುವಣ ದೂರವೇ ಭವಾವಳಿ ಎಂದರೆ ಅತಿಶಯೋಕ್ತಿಯಾಗಲಾರದು.

ಇನ್ನು ಕಾವ್ಯದ ಚೌಕಟ್ಟು. ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ತಂದು ನಿಲ್ಲಿಸಿದ ಅಭಯರುಚಿ ತನ್ನ ಹಿಂದಿನ ಭವಗಳನ್ನು ಮಾರಿದತ್ತನಿಗೆ ಹೇಳುತ್ತಾನೆ. ವ್ಯಾಕರಣದ ದೃಷ್ಟಿಯಿಂದ ನಿರೂಪಣೆ ಯಾವ ಪುರುಷದಲ್ಲಿಯೇ ನಡೆಯಲಿ, ಹೇಳುವವನು ಯಶೋಧರನೇ. ಒಮ್ಮೆ ಅವನು ತಾಯಿಯೆದುರು ಸುಳ್ಳು ಕನಸನ್ನು ಹೇಳಿದ, ಬಲಿ ನಡೆಯಿತು. ಈಗ ಎತ್ತಿದ ಕತ್ತಿಯೆದುರು ನಿಜವಾದ ಕಥೆಯನ್ನು ಹೇಳುತ್ತಾನೆ, ಬಲಿ ನಿಲ್ಲುತ್ತದೆ. ಜೈನಾಚಾರದಲ್ಲಿ ಆಲೋಚನೆ, ಪ್ರತಿಕ್ರಮಣ ಎಂಬ ಎರಡು ವಿಧಿಗಳಿವೆ. ದೋಷವನ್ನು ಬಿಚ್ಚಿ ನಿವೇದಿಸುವುದು ಒಂದು, ನಡೆದ ದಾರಿಯಲ್ಲಿ ಹಿಂದಿರುಗಿ ಬರುವುದು ಇನ್ನೊಂದು. ಎರಡೂ ಅಭಯರುಚಿಯ ಮಾತಿನಲ್ಲಿ ಕೂಡಿವೆ. ಸೋಮದೇವಸೂರಿಯ ‘ಯಶಸ್ತಿಲಕ’ (959), ಪುಷ್ಪದಂತನ ಅಪಭ್ರಂಶ ‘ಜಸಹರಚರಿಉ’, ವಾದಿರಾಜನ ಸಂಸ್ಕೃತ ಕಾವ್ಯ ಎಲ್ಲವೂ ಈ ಕಥೆಯನ್ನು ಹೇಳಿವೆ. ಚೌಕಟ್ಟು ಜನ್ನನ ಸೃಷ್ಟಿಯಲ್ಲ. ಆದರೆ ಶಾಸ್ತ್ರಚರ್ಚೆಯನ್ನು ಕುಗ್ಗಿಸಿ, ಹೂವು, ಕನಸು, ಹುಂಜ ಇವುಗಳನ್ನು ಒತ್ತೊತ್ತಾಗಿ ತಂದಿರಿಸಿದ್ದರಿಂದ ಒಳಮನಸ್ಸಿನ ನಡೆ ಅವನಲ್ಲಿ ಎದ್ದು ಕಾಣುತ್ತದೆ. ‘ಅನಂತನಾಥ ಪುರಾಣ’ದ (1230) ಚಂಡಶಾಸನನ ಕಥೆಯಲ್ಲಿಯೂ ಕೃತಕವಾದ ತಲೆಯೊಂದನ್ನು ಕಂಡು ಸುನಂದೆ ನಿಜವಾಗಿ ಸಾಯುತ್ತಾಳೆ. ಸುಳ್ಳು ವಸ್ತುವಿನಿಂದ ನಿಜವಾದ ಸಾವು ಸಂಭವಿಸುವುದು ಈ ಕವಿಯ ಪ್ರತಿಭೆಯನ್ನು ಬಿಡದೆ ಕಾಡಿದಂತಿದೆ.

ನಮ್ಮ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಸಂಗತಿಯನ್ನು ಮರೆಸಿದರೆ ಅದೂ ಮಾಯಾಶಲ್ಯವೇ ಆದೀತು. ತನ್ನನ್ನು ತಾನು ಹಿಂದಿರುಗಿ ನೋಡಿಕೊಳ್ಳುವ ಅವಕಾಶವನ್ನು ಜನ್ನ ಎಲ್ಲರಿಗೂ ಸಮನಾಗಿ ಹಂಚಿಲ್ಲ. ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಅಮೃತಮತಿಗೆ ನರಕವಿದೆ, ಜಾತಿಸ್ಮರಣೆಯಿಲ್ಲ. ಅವಳ ದೃಷ್ಟಿಯಿಂದ ಈ ಕಥೆ ಹೇಗೆ ಕಾಣುತ್ತಿತ್ತೆಂಬುದಕ್ಕೆ ಕಾವ್ಯದಲ್ಲಿ ಎಡೆಯಿಲ್ಲ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ (1980) ನಾಟಕದಲ್ಲಿ ಜೈನಧರ್ಮದ ನಿಷ್ಠೆಯನ್ನು ರಾಣಿಗೇ ಕೊಟ್ಟು, ಅರಸ ಅವಳ ಮೇಲಿನ ಒಲವಿನಿಂದ ಅದನ್ನು ಸ್ವೀಕರಿಸಿದವನೆಂದು ಮಾಡಿದ್ದು ಈ ಕೊರತೆಯನ್ನು ಗುರುತಿಸಿದ್ದರಿಂದಲೇ ಇರಬೇಕು. ಅದನ್ನು ಜನ್ನನ ತಿದ್ದುಪಡಿ ಎನ್ನುವುದಕ್ಕಿಂತ, ಅವನು ತೆರೆಯದ ಬಾಗಿಲನ್ನು ತಟ್ಟಿದ ಪ್ರಯತ್ನ ಎನ್ನುವುದು ಯುಕ್ತ.

ಇನ್ನೊಬ್ಬಳು ಉಳಿದಿದ್ದಾಳೆ. ಅಭಯರುಚಿಯ ಪಕ್ಕದಲ್ಲಿ ನಿಂತ ತಂಗಿ ಅಭಯಮತಿ ಹಿಂದೆ ಚಂದ್ರಮತಿಯಾಗಿದ್ದವಳು. ಆ ಕನಸನ್ನು ನಂಬಿದವಳು, ಹುಂಜವನ್ನು ಸೂಚಿಸಿದವಳು, ಅಷ್ಟೂ ಭವಗಳನ್ನು ಜೊತೆಯಲ್ಲೇ ಉಂಡವಳು. ಕಥೆಯನ್ನು ಹೇಳುವ ಸರದಿ ಮಾತ್ರ ಅಣ್ಣನದು. ಅವಳ ಈ ಮೌನ ವಾದಿರಾಜನಲ್ಲಿ, ಪುಷ್ಪದಂತನಲ್ಲಿ, ಜನ್ನನಲ್ಲಿ ಒಂದೇ ಬಗೆಯದೋ ಬೇರೆ ಬೇರೆಯೋ ಎಂಬುದನ್ನು ಮೂರು ಪಠ್ಯಗಳನ್ನು ಎದುರುಬದುರಾಗಿ ಇಟ್ಟುಕೊಂಡು ನೋಡಬೇಕಾಗಿದೆ. ಸಂಸ್ಕೃತ, ಅಪಭ್ರಂಶ, ಕನ್ನಡ ವಿಭಾಗಗಳು ಒಂದೇ ಆವರಣದಲ್ಲಿರುವ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಈ ಕೆಲಸ ಬೇರೆಯವರಿಗಿಂತ ಸುಲಭ.