ಎಚ್.ಎಂ. ಕೆಲಸದ ಹದ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಗೆ ಒಳ್ಳೆಯ ಎಚ್.ಎಂ. (ಮುಖ್ಯ ಶಿಕ್ಷಕರು) ಸಿಕ್ಕರೆ ಅದು ಆ ಊರಿನ ಪುಣ್ಯ. ಬೆಳಗಿನ ಪ್ರಾರ್ಥನೆ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಪತ್ರ, ಸ್ಯಾಟ್ಸ್ ತಂತ್ರಾಂಶಕ್ಕೆ ಮಕ್ಕಳ ಮಾಹಿತಿ, ಮಕ್ಕಳಿಗೆ ಬಡಿಸುವ ಮುನ್ನ ಬಿಸಿಯೂಟದ ರುಚಿ ನೋಡುವುದು, ಎಲ್ಲವೂ ಅವರ ಪಾಲಿನವೇ.

ಬರೀ ಹುಕುಂ ಮೇಲೆ ಶಾಲೆ ನಡೆಸುವವರಿದ್ದಾರೆ. ಅಲ್ಲಿ ಶಿಸ್ತು ಕಾಣುತ್ತದೆ, ಉತ್ಸಾಹ ಕಾಣುವುದಿಲ್ಲ. ಎಲ್ಲವನ್ನೂ ಸಹಶಿಕ್ಷಕರಿಗೇ ಬಿಟ್ಟು ಕೂರುವವರೂ ಉಂಟು. ನಾನು ಮೆಚ್ಚುವುದು, ಎಲ್ಲರ ಮಾತು ಕೇಳಿ ತೀರ್ಮಾನದ ಹೊಣೆಯನ್ನು ತಾವೇ ಹೊರುವವರನ್ನು. ಇಂಥವರು ಗಣಿತದ ಮೇಷ್ಟ್ರಲ್ಲಿ ತಪ್ಪು ಕಂಡರೆ ಅವರನ್ನು ಒಬ್ಬರನ್ನೇ ಕರೆದು ಹೇಳುತ್ತಾರೆ, ಮಕ್ಕಳೆದುರು ಎಂದೂ ಇಲ್ಲ. ತಾವೂ ಸೀಮೆಸುಣ್ಣ ಹಿಡಿದು ಪಾಠ ಮಾಡುತ್ತಾರೆ. ಅದರಿಂದಲೇ ಅವರ ಮಾತಿಗೆ ತೂಕ.

ಕಬ್ಬು ಕಡಿಯುವ ಕಾಲದಲ್ಲಿ ಹಾಜರಿ ಇಳಿಯುತ್ತದೆ. ಆಗ ನೋಟಿಸ್ ಕಳಿಸಿ ಸುಮ್ಮನಾಗದೆ ಆಲೆಮನೆಯವರೆಗೂ ಹೋಗಿ ಪೋಷಕರ ಜೊತೆ ಕೂತು ಮಾತಾಡುವವರು ನನ್ನ ಕಣ್ಣಲ್ಲಿ ದೊಡ್ಡವರು. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಆದರೆ ಮೊದಲನೆಯದರಲ್ಲಿ ಫೇಲಾದ ಹುಡುಗಿಯ ಓದು ನಿಲ್ಲಿಸಲು ಹೊರಟ ಅಪ್ಪನಿಗೆ ಆ ಅವಕಾಶವನ್ನು ತಿಳಿಹೇಳಲು ಒಬ್ಬರು ಬೇಕಲ್ಲ? "ಇನ್ನೊಂದ್ಸಲ ಬರೀಲಿ ಬಿಡಿ ಯಜಮಾನ್ರೇ, ಸಂಜೆ ನಾನೇ ಓದಿಸ್ತೀನಿ" ಎನ್ನುವ ಎಚ್.ಎಂ. ಇರುವ ಕಡೆ ಆ ಹುಡುಗಿ ಮತ್ತೆ ಹಾಲ್ ಟಿಕೆಟ್ ಹಿಡಿಯುತ್ತಾಳೆ.